ಹ-ಬ-ಬಳ-ಳ

ಸಾಫ್ಟ್‌ವೇರ್ ಕೆಲಸದವರು ತಾವೇ ಕಟ್ಟಿಕೊಂಡ ಬ್ಲಾಗುಗಳಲ್ಲಿ ಮೊದಲ ಬರಹ ಬಹುಮಟ್ಟಿಗೆ ಒಂದೇ ಇರುತ್ತದೆ: ಈ ಬ್ಲಾಗನ್ನು ನಾನು ಹೇಗೆ ಕಟ್ಟಿದೆ. ಎರಡನೆಯದು ಎರಡು ವರ್ಷ ಬಿಟ್ಟು ಬರುತ್ತದೆ: ಈ ಬ್ಲಾಗನ್ನು ಬೇರೆ ಭಾಷೆಯಲ್ಲಿ ಮತ್ತೆ ಹೇಗೆ ಕಟ್ಟಿದೆ. (ಬೇರೆ ಭಾಷೆ ಅಂದ್ರ ಪೈಥಾನ್ ಬಿಟ್ಟು ಗೋ, ಗೋ ಬಿಟ್ಟು ರಸ್ಟ್. ಕನ್ನಡ ಅಂತ ತಿಳಕೋಬ್ಯಾಡ್ರಿ.) ಮೂರನೆಯದು ಬರೂದೇ ಇಲ್ಲ. ಒಲಿ ಹಾಕಿ, ಕಟ್ಟಿ ಕಟ್ಟಿ, ಗ್ವಾಡಿಗೆ ಸುಣ್ಣ ಹಚ್ಚಿ ಅಡಿಗಿಮನಿ ತಯಾರ ಆಗೂದರಾಗ ಹಸಿವಿ ಸತ್ತಿರ್ತೈತಿ.

ನಾನೂ ಅದೇ ಸಾಲಿನವ. ಹಗಲೆಲ್ಲ ಹುಬ್ಬಳ್ಳಿಯ ಆಫೀಸಿನಲ್ಲಿ ಯಾರದೋ ಲೆಕ್ಕಪತ್ರದ ಕೋಡ್ ಬರೆದು, ಸಂಜೆ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಬಂದು, ಊಟ ಆದ ಮೇಲೆ ಮತ್ತೆ ಕೋಡ್ ತೆಗೆದು ಕೂರುವವ. ಆರೇಳು ವರ್ಷದಿಂದ ನಡೆಸಿಕೊಂಡು ಬಂದ ನನ್ನ ಬ್ಲಾಗ್ ತಂತ್ರಾಂಶಕ್ಕೆ ‘ಬುತ್ತಿ’ ಅಂತ ಹೆಸರಿಟ್ಟಿದ್ದೇನೆ. ಸುಮಾರು ಒಂಬೈನೂರು ಸಾಲಿನ ಪೈಥಾನ್. ಒಂದು ಫೋಲ್ಡರಿನಲ್ಲಿರುವ ಸಾದಾ ಪಠ್ಯದ ಫೈಲುಗಳನ್ನು ಓದಿ, ಪುಟ ಮಾಡಿ, ಗಂಟು ಕಟ್ಟಿ ಕೊಡುತ್ತದೆ. ಅಷ್ಟೇ. ಅದರ ಗುಣಗಾನ ಮಾಡಲು ಇದನ್ನು ಬರೆಯುತ್ತಿಲ್ಲ. ಹವ್ಯಾಸಕ್ಕೆ ಕಟ್ಟಿದ ಬ್ಲಾಗ್ ತಂತ್ರಾಂಶವನ್ನು ಕಥೆ, ಕವನದ ಹಾಗೆ ಒಂದು ಕೃತಿ ಅಂತ ಹಿಡಿದು ಯಾರಾದರೂ ವಿಮರ್ಶೆ ಮಾಡಿದ್ದನ್ನು ನಾನು ಕನ್ನಡದಲ್ಲಿ ಓದಿಲ್ಲ. ಕಟ್ಟಿದವನು ಖುಷಿಪಡುತ್ತಾನೆ, ಗೆಳೆಯರು ಬೆನ್ನು ತಟ್ಟುತ್ತಾರೆ, ಮುಗೀತು. ಕನ್ನಡ ಬರೆಯುವವರ ಕೈಗೆ ಅದು ಹೋದಾಗ ಏನಾಗುತ್ತದೆ ಅನ್ನೂದನ್ನ ಯಾರು ನೋಡಬೇಕು? ನನ್ನ ಅಳತೆ ಇಷ್ಟೇ: ಕನ್ನಡದ ಒಂದು ಬರಹ ತನ್ನ ಹೆಸರು, ತನ್ನ ಕಾಗುಣಿತ, ತನ್ನ ವಿಳಾಸ ಕಳಕೊಳ್ಳದೆ ಅದರೊಳಗೆ ಬದುಕಬಲ್ಲದೋ ಇಲ್ಲೋ. ಈ ಅಳತೆಗೆ ಸಿದ್ಧ ತಂತ್ರಾಂಶಗಳೂ ಸೋಲುತ್ತವೆ, ಮನೆಯಲ್ಲಿ ಕಟ್ಟಿದವೂ ಸೋಲುತ್ತವೆ. ಸೋಲುವ ರೀತಿ ಬೇರೆ ಬೇರೆ.

ಹವ್ಯಾಸ ಅಂತ ಹಗುರ ಮಾಡೂದು ಬ್ಯಾಡ. ಇವತ್ತಿನ ದೊಡ್ಡ ಹೆಸರುಗಳೆಲ್ಲ ಹಿಂಗ ಹುಟ್ಟಿದವು. 2001ರಲ್ಲಿ ಹೊರಬಂದ ಡ್ರುಪಲ್, ಡ್ರೀಸ್ ಬೈಟಾರ್ಟ್ ಅನ್ನುವ ವಿದ್ಯಾರ್ಥಿ ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ ಹಾಸ್ಟೆಲ್ ಗೆಳೆಯರಿಗೋಸ್ಕರ ಮಾಡಿಕೊಂಡಿದ್ದ ಸಂದೇಶ ಫಲಕ. ಮಿಷೆಲ್ ವಾಲ್ಡ್ರಿಗಿ ಬರೆದ ‘ಬಿ2’ ಅನ್ನುವ ಸಣ್ಣ ತಂತ್ರಾಂಶಕ್ಕೆ ದಿಕ್ಕಿಲ್ಲದಂತಾದಾಗ, 2003ರಲ್ಲಿ 19 ವರ್ಷದ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಎತ್ತಿಕೊಂಡು ವರ್ಡ್‌ಪ್ರೆಸ್ ಮಾಡಿದರು. 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ತನ್ನ ಬ್ಲಾಗಿಗಾಗಿ ಜೆಕಿಲ್ ಬರೆದ. ನನ್ನಂಥವರು ಕಟ್ಟುವ ಡೇಟಾಬೇಸ್ ಇಲ್ಲದ ಬ್ಲಾಗುಗಳೆಲ್ಲ ಒಂದು ರೀತಿಯಲ್ಲಿ ಅದರ ಮಕ್ಕಳು.

ಕನ್ನಡದ ಕಂಪ್ಯೂಟರ್ ಚರಿತ್ರೆಯಂತೂ ಬಹುಪಾಲು ಆಸಕ್ತರ ಚರಿತ್ರೆಯೇ. ಕೆ.ಪಿ. ರಾವ್ ಅವರು ಕೀಲಿಮಣೆ ವಿನ್ಯಾಸ ಮಾಡಿ, ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶವನ್ನು ಪುಕ್ಕಟೆ ಹಂಚಿದರು. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ವನ್ನು ಅಂತರಜಾಲಕ್ಕೆ ತಂದರು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ ಕೊಟ್ಟರು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ ತೆರೆದರು. ಈ ಸಾಲಿನಲ್ಲಿ ಸಂಪದದ ಬಗ್ಗೆ ನನಗೆ ಹೆಚ್ಚು ಕುತೂಹಲ. ಯಾಕಂದರೆ ನಾಡಿಗರು ಎಂಜಿನ್ನನ್ನು ಮೊದಲಿನಿಂದ ಬರೆಯಲು ಕೂರಲಿಲ್ಲ. ಡ್ರುಪಲ್ ತಗೊಂಡು ಅದರ ಮೇಲೆ ಕನ್ನಡ ಬರೆಯುವವರಿಗೆ ಒಂದು ಜಾಗ ಮಾಡಿದರು. ಅಲ್ಲಿ ಬರೆಯಲು ಕಲಿತವರು ಎಷ್ಟೋ ಜನ ಮುಂದೆ ಪುಸ್ತಕ ತಂದರು. ಎಂಜಿನ್ ಬರೆದವನ ಹೆಸರು ದೊಡ್ಡದೋ, ಅದರ ಮೇಲೆ ಕನ್ನಡ ಹರಿಯುವಂತೆ ಮಾಡಿದವನದೋ ಅಂತ ಕೇಳಿದರೆ ನಾನು ಎರಡನೆಯವನ ಪರ.

ಈಗ ಕನ್ನಡಕ್ಕೆ ಬರೋಣ.

ನಮ್ಮೂರು ನವಲಗುಂದದ ಕಡೆ, ಎರಿ ಹೊಲದ ನಾಡು. ಅಲ್ಲಿಯ ಕನ್ನಡ ಸಾಲಿ ಮಾಸ್ತರ್ರು ನಿವೃತ್ತಿ ಆದ ಮೇಲೆ ಬರೆಯಲು ಶುರು ಮಾಡಿದರು. ಕೂರಿಗಿ, ಕುಂಟಿ, ರಂಟಿ. ಹೊಲಗಳಿಗೆ ಇರುವ ಹೆಸರು. ಯಾವ ಮಳಿಗೆ ಯಾವ ಬಿತ್ತನಿ. ಹಂತಿ ಕಟ್ಟುವಾಗ ಯಾರು ಯಾವ ಕೆಲಸಕ್ಕೆ ನಿಲ್ಲುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಹುಟ್ಟಿದ ಹುಡುಗರಿಗೆ ಇದರಲ್ಲಿ ಅರ್ಧ ಮಾತು ತಿಳಿಯುವುದಿಲ್ಲ. ಆಗ ಎಲ್ಲರೂ ಬಳಸುತ್ತಿದ್ದ ಒಂದು ಉಚಿತ ಸೇವೆಯಲ್ಲಿ ಅವರಿಗೆ ಬ್ಲಾಗ್ ತೆರೆದು ಕೊಟ್ಟಿದ್ದೆ. ಒಂದು ದಿನ ವಿಳಾಸದ ಪಟ್ಟಿಯನ್ನೇ ದಿಟ್ಟಿಸಿ ನೋಡಿ, “ತಮ್ಮಾ, ಇದೇನು ಬರದೈತಿ?” ಅಂದರು. ಓದಿ ಹೇಳಿದೆ: ಬ್ಲಾಗ್-ಪೋಸ್ಟ್_17. “ಮತ್ತ ಹೋದ ವಾರದ್ದು?” ಬ್ಲಾಗ್-ಪೋಸ್ಟ್_10, ಸರ. “ಅದರ ಹಿಂದಿಂದು?” ಅದೂ ಬ್ಲಾಗ್-ಪೋಸ್ಟೇ. “ನಾ ‘ಕೂರಿಗಿ ಪೂಜಿ’ ಅಂತ ಹೆಸರ ಇಟ್ಟೀನಲ್ಲೋ! ಸಾಲ್ಯಾಗ ಎಲ್ಲಾ ಹುಡುಗರಿಗೂ ಬಸಪ್ಪ ಅಂತ ಹೆಸರ ಬರಕೊಂಡು, ಹಾಜರಿ ನಂಬರಿಂದ ಕರದಂಗ ಆತಲ್ಲ ಇದು.”

ಮಾಸ್ತರರು ತಾಂತ್ರಿಕ ದೋಷವನ್ನು ಸರಿಯಾಗೇ ಹಿಡಿದಿದ್ದರು. ಶೀರ್ಷಿಕೆಯಿಂದ ವಿಳಾಸ ಮಾಡುವಾಗ ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಕಸ ಅಂತ ಗುಡಿಸಿ ಹಾಕಿದರೆ, ಕನ್ನಡ ಶೀರ್ಷಿಕೆಯಲ್ಲಿ ಏನೂ ಉಳಿಯುವುದಿಲ್ಲ. ಆಗ ತಂತ್ರಾಂಶ ಒಂದು ಸಾಮಾನ್ಯ ಹೆಸರು ಮತ್ತು ಅಂಕಿ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಸ್ವಲ್ಪ ಉದಾರಿ ತಂತ್ರಾಂಶಗಳು ಇನ್ನೊಂದು ಬಗೆ. ‘ಅಕ್ಷರಗಳನ್ನು ಮಾತ್ರ ಇಟ್ಟುಕೋ, ಉಳಿದದ್ದಕ್ಕೆಲ್ಲ ಅಡ್ಡಗೆರೆ ಹಾಕು’ ಅನ್ನುವ ಒಂದು ಸಾಲಿನ ನಿಯಮ ಬರೆದಿರುತ್ತಾರೆ. ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ವ್ಯಂಜನಗಳು ಅಕ್ಷರ. ಆದರೆ ಕಾಗುಣಿತದ ಚಿಹ್ನೆ ಮತ್ತು ಒತ್ತು ಹುಟ್ಟಿಸುವ ವಿರಾಮ ಚಿಹ್ನೆ ಬೇರೆ ವರ್ಗ. ಹಂಗಾಗಿ ‘ಹುಬ್ಬಳ್ಳಿ’ ಕೊಟ್ಟರೆ ಹೊರಗೆ ಬರುವುದು ‘ಹ-ಬ-ಬಳ-ಳ’. ನಾನು ಇದನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ನಕ್ಕೆ. ಆಮೇಲೆ ಹುಡುಕುತ್ತಾ ಹೋದರೆ, ನಮ್ಮವರೇ ಮನೆಯಲ್ಲಿ ಕಟ್ಟಿದ ಬ್ಲಾಗುಗಳಲ್ಲೂ ಇದೇ ನಿಯಮ. ಎಲ್ಲಿಂದಲೋ ನಕಲು ಮಾಡಿದ್ದು, ಇಂಗ್ಲಿಷ್ ಶೀರ್ಷಿಕೆ ಹಾಕಿ ಪರೀಕ್ಷೆ ಮಾಡಿದ್ದು. ಕನ್ನಡದ ಹುಡುಗ, ಕನ್ನಡದ ಬ್ಲಾಗ್, ತಾನೇ ಬರೆದ ಕೋಡ್. ಆದರೂ ಊರಿನ ಹೆಸರಿನ ಕಾಗುಣಿತ, ಒತ್ತು ಎಲ್ಲಾ ಮಾಯ.

ವರ್ಡ್‌ಪ್ರೆಸ್ ಹೀಗೆ ಮಾಡುವುದಿಲ್ಲ, ಕನ್ನಡ ಶೀರ್ಷಿಕೆಯನ್ನು ಕನ್ನಡದಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಒಳಗೆ ಅದನ್ನು ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ಬರೆದಿಡುತ್ತದೆ ಮತ್ತು 200 ಚಿಹ್ನೆಗೆ ನಿಲ್ಲಿಸುತ್ತದೆ. ಇಂಗ್ಲಿಷಿನ 200 ಅಂದರೆ ಒಂದು ಪ್ಯಾರಾದ ಹತ್ತಿರ. ಕನ್ನಡದಲ್ಲಿ ಯೂನಿಕೋಡಿನ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಂದು ಬೈಟಿಗೆ ಮೂರು ಚಿಹ್ನೆ, ಅಂದರೆ ಒಂಬತ್ತು. ‘ಹುಬ್ಬಳ್ಳಿ’ ನಮಗೆ ಮೂರಕ್ಷರ. ಯೂನಿಕೋಡಿಗೆ ಒಂಬತ್ತು ಸಂಕೇತ. ವಿಳಾಸದಲ್ಲಿ 81 ಚಿಹ್ನೆ. ‘ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಡೆದು ಹೋದದ್ದು’ ಅಂತ ಒಂದು ಶೀರ್ಷಿಕೆ ಕೊಟ್ಟು ಲೆಕ್ಕ ಹಾಕಿ ನೋಡ್ರಿ. ಮೊದಲ ಪದಕ್ಕೆ 117, ನಡುವಿನ ಜಾಗಕ್ಕೆ 1, ಉಳಿದ 82ರಲ್ಲಿ ಒಂಬತ್ತು ಸಂಕೇತ ಹಿಡಿಯುತ್ತವೆ. ಕೊನೆಯ ಎತ್ವಕ್ಕೆ ಜಾಗ ಇಲ್ಲ. ಸಿಗುವುದು: ‘ಹುಬ್ಬಳ್ಳಿಯಿಂದ-ಧಾರವಾಡಕ್ಕ’. ಅಮೆರಿಕದ ತಂತ್ರಾಂಶ ನಮ್ಮ ಕಡೆ ಮಾತು ಕಲಿತದ್ದು ಹೀಗೆ! ನಡೆದು ಹೋದದ್ದಂತೂ ಹೋಗೇ ಹೋಯಿತು.

ಇನ್ನು ಮುಖಪುಟದಲ್ಲಿ ಬರಹದ ಮೊದಲ ನಾಲ್ಕು ಸಾಲು ತೋರಿಸಿ ‘ಮುಂದೆ ಓದಿ’ ಅನ್ನುವ ವ್ಯವಸ್ಥೆ. ಎಷ್ಟು ಸಂಕೇತಕ್ಕೆ ಕತ್ತರಿಸಬೇಕು ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ‘ಈ ವರ್ಷ ಅಕ್ಕಿ ದರ’ ಅನ್ನುವುದು ಸರಿಯಾಗಿ ಇಕಾರದ ಹಿಂದೆ ಕತ್ತರಿಸಿದರೆ ‘ಈ ವರ್ಷ ಅಕ್ಕ…’ ಆಗುತ್ತದೆ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಇನ್ನೂ ಚೆಂದ, ಪ್ರಶ್ನಾರ್ಥಕ ಚಿಹ್ನೆ ಹೊತ್ತ ಕರಿ ಚೌಕುಳಿ ಬರುತ್ತದೆ. ಸಂಕೇತದ ಬದಲು ಓದುಗನ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕದಲ್ಲಿ ಕತ್ತರಿಸಲು ಯೂನಿಕೋಡಿನವರದೇ ನಿಯಮಾವಳಿ ಇದೆ. ಅಲ್ಲೂ ಒಂದು ತಮಾಷೆ ಇದೆ ನೋಡ್ರಿ. ಭಾರತದ ಲಿಪಿಗಳ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕ ಅಂತ ಹಿಡಿಯುವ ನಿಯಮ 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳ, ನಮ್ಮ ಪಕ್ಕದ ತೆಲುಗು, ಎಲ್ಲವೂ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ‘ಅಕ್ಕಿ’ ಆ ನಿಯಮದ ಪ್ರಕಾರ ಅ, ಕ್, ಕಿ ಅಂತ ಮೂರು ತುಂಡು. ಪದದ ಮೂಲ ಗೊತ್ತಿದ್ದವನು ಇಂಥಲ್ಲಿ ತಾನೇ ನಾಲ್ಕು ಸಾಲು ಬರೆದುಕೊಳ್ಳುತ್ತಾನೆ: ವ್ಯಂಜನ, ಅದರ ಹಿಂದೆ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟು ಬಂದರೂ ಬರಲಿ, ಕೊನೆಗೆ ಸ್ವರಚಿಹ್ನೆ, ಬಿಂದು, ಇಷ್ಟೂ ಸೇರಿ ಒಂದು. ಒಂದನೇತ್ತೆಯ ಹುಡುಗರಿಗೆ ಹೇಳಿಕೊಡುವ ಪಾಠ ಇದು. ಸ್ವಂತ ತಂತ್ರಾಂಶ ಕಟ್ಟೂದಕ್ಕ ನನ್ನ ಪ್ರಕಾರ ಒಂದು ಗಟ್ಟಿ ಕಾರಣ ಇದ್ದರೆ ಇಲ್ಲೈತಿ.

ಹಳೆಯ ಬ್ಲಾಗುಗಳನ್ನು ಜಾಗ ಬದಲಾಯಿಸಿದವರಿಗೆ ಇನ್ನೊಂದು ದೃಶ್ಯ ಗೊತ್ತಿರುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸು 2018ರ 8.0 ಆವೃತ್ತಿಯವರೆಗೂ, ಬೇರೆ ಏನೂ ಹೇಳದಿದ್ದರೆ, ಎಲ್ಲ ಪಠ್ಯವನ್ನೂ ಪಶ್ಚಿಮ ಯುರೋಪಿನ ಅಕ್ಷರ ಅಂತಲೇ ತಿಳಿಯುತ್ತಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುವಾಗ ಯಾರಾದರೂ ಒಂದು ಸೆಟ್ಟಿಂಗ್ ಮರೆತರೆ ಕನ್ನಡವೆಲ್ಲ ತಲೆ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷ್ ‘ಎ’ಗಳಾಗಿ ನಿಲ್ಲುತ್ತದೆ. ಪ್ರತಿ ‘ಎ’ ಪಕ್ಕ ಮೇಲಕ್ಕೆ ಏರಿಸಿ ಬರೆದ ಸಣ್ಣ 2 ಅಥವಾ 3. ಅದಕ್ಕೂ ಕಾರಣ ಇದೆ: ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಗೊತ್ತಿದ್ದವರು ಅದನ್ನು ಪೂರ್ತಿ ವಾಪಸ್ ತರಬಹುದು. ಗೊತ್ತಿಲ್ಲದವರು, ‘ನನ್ನ ಬರಹಕ್ಕೆ ವೈರಸ್ ಬಂತು’ ಅಂತ ಅಳಿಸಿ ಬಿಟ್ಟಿದ್ದಾರೆ. ಎರಡು ವರ್ಷದ ಕವಿತೆಗಳನ್ನು ಹೀಗೆ ಅಳಿಸಿದ ಒಬ್ಬರನ್ನು ನಾನು ಬಲ್ಲೆ. ಅವರ ಹೋಸ್ಟಿಂಗ್ ಕಂಪನಿಯವರು ಫೋನಿನಲ್ಲಿ, ನಿಮ್ಮ ಫಾಂಟ್ ಸರಿ ಇಲ್ಲ ಅಂದರಂತೆ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು: ಹಂಗಾರ ಎಲ್ಲಾರೂ ತಮ್ಮ ತಮ್ಮ ತಂತ್ರಾಂಶ ಕಟ್ಟಿಕೋಬೇಕೇನು? ಇಲ್ಲಿ ನನ್ನ ತಕರಾರು ನಮ್ಮ ಹವ್ಯಾಸಿಗಳ ಮೇಲೆ. ನಾನು ನೋಡಿದ, ಕನ್ನಡದವರು ಕಟ್ಟಿದ ಸ್ವಂತ ಬ್ಲಾಗುಗಳಲ್ಲಿ ಹೆಚ್ಚಿನವಕ್ಕೆ ಮೇಲಿನ ಯಾವುದೂ ಪ್ರಶ್ನೆಯೇ ಅಲ್ಲ. ಅವುಗಳಲ್ಲಿ ಕೋಡಿಗೆ ಬಣ್ಣ ಹಚ್ಚುವ ವ್ಯವಸ್ಥೆ ಇದೆ, ರಾತ್ರಿಗೆ ಕಪ್ಪು ಪರದೆ ಇದೆ, ‘ಈ ಲೇಖನ ಓದಲು ನಾಲ್ಕು ನಿಮಿಷ’ ಅನ್ನುವ ಲೆಕ್ಕ ಇದೆ. ಆ ನಾಲ್ಕು ನಿಮಿಷವನ್ನು ಇಂಗ್ಲಿಷ್ ಓದುವ ವೇಗದಿಂದ ಲೆಕ್ಕ ಹಾಕಿರುತ್ತಾರೆ, ಒಂದು ನಿಮಿಷಕ್ಕೆ ಇಷ್ಟು ಪದ ಅಂತ. ‘ಬಿತ್ತಿಕೊಂಡು ಬರಬೇಕಾಗಿತ್ತಂತೆ’ ಅನ್ನುವುದು ನಮ್ಮಲ್ಲಿ ಎರಡೇ ಪದ. ಇಂಗ್ಲಿಷಿನವನಿಗೆ ಅದಕ್ಕೆ ಒಂದು ಸಾಲು ಬೇಕು. ಸಾಲಿನ ನಡುವಿನ ಅಂತರವೂ ಇಂಗ್ಲಿಷಿನದೇ. ‘ರಾಷ್ಟ್ರ’ದ ಎರಡು ಒತ್ತು ಕೆಳಗಿನ ಸಾಲಿನ ‘ಳೀ’ಯ ತಲೆಗೆ ಬಡಿಯುತ್ತಿರುತ್ತದೆ. ‘ಬುತ್ತಿ’ಯಲ್ಲಿ ಅಕ್ಷರದ ಅಳತೆಯ 1.7 ಪಟ್ಟು ಅಂತರ ಇಟ್ಟಿದ್ದೇನೆ. ಚಿಗರಿಯಲ್ಲಿ ನಿಂತು ಮೊಬೈಲಿನಲ್ಲಿ ಓದಲು ಆದರೆ ಸರಿ, ಇಲ್ಲಾಂದ್ರ ಇಲ್ಲ. ಬೇರೆ ಪರೀಕ್ಷೆ ಬೇಕಾಗಿಲ್ಲ.

ಇದು ಬರೀ ಅಜಾಗ್ರತೆ ಅಂತ ನನಗೆ ಅನಿಸುವುದಿಲ್ಲ. ನಾವು ಹಳ್ಳಿಯಿಂದ ಬಂದು ಬಿಇ ಮಾಡಿದವರು. ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಮೀಡಿಯಂ ಆಗಿ, ಲೆಕ್ಕ ಗೊತ್ತಿದ್ದೂ ಪ್ರಶ್ನೆ ತಿಳಿಯದೆ ಕೂತವರು. ಕೋಡ್ ಅಂದರೆ ನಮ್ಮ ತಲೆಯಲ್ಲಿ ಇಂಗ್ಲಿಷಿನ ಕೋಣೆ, ಕನ್ನಡ ಅಂದರೆ ಮನೆಯ ಕೋಣೆ. ಎರಡರ ನಡುವೆ ಬಾಗಿಲು ಇಟ್ಟುಕೊಂಡವರು ಕಡಿಮೆ. ಹಗಲು ಸಾವಿರಾರು ಜನರ ವ್ಯವಹಾರ ನಡೆಸುವ ತಂತ್ರಾಂಶ ಬರೆಯುವವನು, ರಾತ್ರಿ ತನ್ನ ಬ್ಲಾಗಿಗೆ ಕುಳಿತಾಗಲೂ ಯಾರೋ ಪರದೇಶದವನು ಮೆಚ್ಚಬೇಕು ಅಂತಲೇ ಕಟ್ಟುತ್ತಾನೆ. ಅವ್ವನಿಗೆ ಓದಲು ಬರುವಂತೆ ಕಟ್ಟುವುದಿಲ್ಲ.

ಬಾಗಿಲು ಇಟ್ಟುಕೊಂಡವರೂ ಇದ್ದಾರೆ ಅನ್ನುವುದನ್ನು ಹೇಳದಿದ್ದರೆ ಅನ್ಯಾಯ. ಅರವಿಂದ ವಿ.ಕೆ. ಅವರು ಮಾಡಿದ ‘ಗುಬ್ಬಿ’ ಮತ್ತು ಕೈಬರಹದಂತಿರುವ ‘ನವಿಲು’ ಫಾಂಟುಗಳು ಡೆಬಿಯನ್ ಲಿನಕ್ಸಿನೊಳಗೇ ಸಿಗುತ್ತವೆ, ಯಾರು ಬೇಕಾದರೂ ಬಳಸಬಹುದು. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನೂ ಅವರು ಮುಕ್ತವಾಗಿ ಇಟ್ಟಿದ್ದಾರೆ. ಇದು ಕಾಣುವಷ್ಟು ಸಣ್ಣ ಕೆಲಸ ಅಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ತುಣುಕುಗಳು ಕೂತಿರುತ್ತವೆ, ‘ಕಿ’ ಮೊದಲು, ಅದರ ಒತ್ತು ಆಮೇಲೆ. ಅರ್ಕಾವೊತ್ತು ಬಂತೆಂದರೆ ರಕಾರವನ್ನು ಹಿಂದಿನಿಂದ ಎತ್ತಿ ಮುಂದೆ ಇಡಬೇಕು. ಮಾಸ್ತರರ ಕಂಪ್ಯೂಟರಿನಲ್ಲಿದ್ದ ತೊಂಬತ್ತಕ್ಕೂ ಹೆಚ್ಚು ಬರಹ ನುಡಿಯಲ್ಲೇ ಇದ್ದವು. ಅಂಥ ಪರಿವರ್ತಕ ಇಲ್ಲದಿದ್ದರೆ ಅವನ್ನೆಲ್ಲ ಮತ್ತೆ ಟೈಪ್ ಮಾಡಬೇಕಿತ್ತು, ಯಾರೂ ಮಾಡುತ್ತಿರಲಿಲ್ಲ.

ಆಫೀಸಿನಲ್ಲಿ ನನಗಿಂತ ಹಿರಿಯರಾದ ಒಬ್ಬರು ಈ ಹವ್ಯಾಸವನ್ನು ಕಂಡರೆ ಸಿಡುಕುತ್ತಾರೆ. ಅವರ ವಾದ ಇದು: ಕಟ್ಟೂದು ದೊಡ್ಡ ಮಾತಲ್ಲ, ಒಂದು ಶನಿವಾರದ ಕೆಲಸ, ನೋಡಿಕೊಳ್ಳುವವರು ಯಾರು? ಈ ಕಡೆ ಡೊಮೇನ್ ಹಣ ಕಟ್ಟಬೇಕು, ಆ ಕಡೆ ಪ್ರಮಾಣಪತ್ರ ನವೀಕರಿಸಬೇಕು, ಪೈಥಾನ್ ಆವೃತ್ತಿ ಬದಲಾದರೆ ಕೋಡ್ ತಿದ್ದಬೇಕು, ಪ್ರತಿಕ್ರಿಯೆ ಹಾಕಲು ಜಾಗ ಇಟ್ಟರೆ ರಾತ್ರಿ ಬೆಳಗಾಗೂದರಾಗ ಔಷಧಿ ಮಾರುವವರು ಬಂದು ಕೂರುತ್ತಾರೆ. ನಿನಗೆ ಮಗು ಆಯಿತು, ನೌಕರಿ ಬದಲಾಯಿತು, ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ ಅಂದ್ರ ಮಾಸ್ತರರ ಗತಿ ಏನು? ಪುಕ್ಕಟೆ ಸೇವೆಯಲ್ಲಿ ‘ಬ್ಲಾಗ್-ಪೋಸ್ಟ್’ ಅನ್ನುವ ಹೆಸರಿನಲ್ಲಾದರೂ ಇರ್ತಿತ್ತಲ್ಲ.

ಈ ವಾದದಲ್ಲಿ ಬಲ ಇದೆ. ಕಂಪನಿಗಳ ಮನೆಯಲ್ಲಿ ಇಟ್ಟ ಬರಹ ಉಳಿಯುವುದಿಲ್ಲ ಅಂತ ನಾವು ಹೇಳುತ್ತೇವೆ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಪೋಸ್ಟರಸ್ 2013ರಲ್ಲಿ ಮುಚ್ಚಿತು, ಬ್ಲಾಗುಗಳನ್ನು ಒಟ್ಟಿಗೆ ಓದುವ ಗೂಗಲ್ ರೀಡರ್ ಅದೇ ವರ್ಷ ಜುಲೈನಲ್ಲಿ ಹೋಯಿತು ಅಂತ ಉದಾಹರಣೆ ಕೊಡುತ್ತೇವೆ. ಆದರೆ 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೊಂಡ ಬ್ಲಾಗರ್ ಇನ್ನೂ ನಿಂತಿದೆ. 2006, 2007ರಲ್ಲಿ ಅಲ್ಲಿ ಬರೆದ ಕನ್ನಡ ಬರಹಗಳನ್ನು ಇವತ್ತೂ ಓದಬಹುದು. ಅದೇ ಕಾಲದಲ್ಲಿ ಅಭಿಮಾನದಿಂದ ಸ್ವಂತ ಡೊಮೇನ್ ಕೊಂಡವರ ವಿಳಾಸಕ್ಕೆ ಹೋದರೆ ಎಷ್ಟೋ ಕಡೆ ಜೂಜಿನ ಜಾಹೀರಾತು ಕುಣಿಯುತ್ತಿರುತ್ತದೆ. ಸ್ವಂತ ಮನೆ ಅಂತ ಕಟ್ಟಿ, ಕರ ಕಟ್ಟದೆ ಹರಾಜಿಗೆ ಬಿಟ್ಟ ಹಾಗೆ. ಇದನ್ನು ಒಪ್ಪಿಕೊಳ್ಳದ ‘ಸ್ವಂತ ಬ್ಲಾಗ್’ ಪ್ರಚಾರಕರ ಮಾತು ನನಗೆ ಅರ್ಧ ಸತ್ಯ ಅನಿಸುತ್ತದೆ.

ಹಂಗಂತ ಹಿರಿಯರ ತೀರ್ಮಾನವನ್ನೂ ಪೂರ್ತಿ ಒಪ್ಪಲಾರೆ. ಅವರು ತಂತ್ರಾಂಶ ಉಳಿಯುತ್ತದೋ ಇಲ್ಲೋ ಅಂತ ಕೇಳುತ್ತಿದ್ದಾರೆ. ತಂತ್ರಾಂಶ ಯಾವುದೂ ಉಳಿಯುವುದಿಲ್ಲ, ‘ಬುತ್ತಿ’ಯೂ ಉಳಿಯುವುದಿಲ್ಲ. ಧಾರವಾಡದ ಸುಭಾಸ ರಸ್ತೆಯ ಅಟ್ಟವನ್ನು ನೆನಪು ಮಾಡಿಕೊಳ್ಳಿ. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗಿನ ಮುದ್ರಣಯಂತ್ರ, ಮೊಳೆ, ಕಾಗದ ಯಾವುದೂ ಇವತ್ತಿನ ಕೆಲಸದಲ್ಲಿಲ್ಲ. ಮೊಳೆ ಹೋಯಿತು, ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಬೇಂದ್ರೆ, ಶ್ರೀರಂಗರ ಕಾಲ ಹೋಗಿ ಕಾರ್ನಾಡರ ನಾಟಕಗಳು ಬಂದವು. ಮುಂದಿನ ತಲೆಮಾರು ಕೈಗೆ ತೆಗೆದುಕೊಂಡಾಗ ದಾಟಿಸಬೇಕಾಗಿದ್ದದ್ದು ಯಂತ್ರವನ್ನಲ್ಲ. ಯಾವ ಪುಸ್ತಕ, ಯಾರದು, ಯಾವ ವರ್ಷ, ಅದರ ಶುದ್ಧ ಪ್ರತಿ ಎಲ್ಲಿದೆ, ಚಂದಾದಾರರು ಯಾರು ಅನ್ನುವುದನ್ನು. ಬ್ಲಾಗ್ ತಂತ್ರಾಂಶ ಬರೆಯುವವರಲ್ಲಿ ಈ ಪ್ರಕಾಶಕನ ಬುದ್ಧಿ ಇರಬೇಕು. ಇರುವುದು ಯಂತ್ರ ಮಾರುವವನ ಬುದ್ಧಿ.

ಹಾಗಾಗಿ ನಾನು ಯಾವುದೇ ಸ್ವಂತ ಬ್ಲಾಗನ್ನು ನೋಡುವಾಗ ಮೊದಲು ಅದರ ಅಂದ ನೋಡುವುದಿಲ್ಲ, ವೇಗ ನೋಡುವುದಿಲ್ಲ. ತಂತ್ರಾಂಶವನ್ನು ಪೂರ್ತಿ ಅಳಿಸಿ ಹಾಕಿದರೆ ಏನು ಉಳಿಯುತ್ತದೆ ಅಂತ ನೋಡುತ್ತೇನೆ. ಡೇಟಾಬೇಸಿನೊಳಗೆ, ಅವನೊಬ್ಬನಿಗೇ ಗೊತ್ತಿರುವ ಮೂವತ್ತು ಕೋಷ್ಟಕಗಳಲ್ಲಿ ಬರಹ ಹಂಚಿ ಹೋಗಿದ್ದರೆ ಆ ಬ್ಲಾಗ್ ಎಷ್ಟೇ ಚೆಂದ ಇರಲಿ, ನನ್ನ ಲೆಕ್ಕದಲ್ಲಿ ನಪಾಸು. ‘ಬುತ್ತಿ’ ಅಳಿಸಿದರೆ ಒಂದು ಫೋಲ್ಡರ್ ಉಳಿಯುತ್ತದೆ. ಅದರಲ್ಲಿ ವರ್ಷಕ್ಕೊಂದು ಒಳ ಫೋಲ್ಡರ್, ಬರಹಕ್ಕೊಂದು ಫೈಲು, ಫೈಲಿನ ಹೆಸರು ಕನ್ನಡದಲ್ಲಿ. ಮೇಲಿನ ಮೂರು ಸಾಲಿನಲ್ಲಿ ಶೀರ್ಷಿಕೆ, ತಾರೀಖು, ವಿಳಾಸ, ಕೆಳಗೆ ಬರಹ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಪ್ರಿಂಟ್ ತೆಗೆಯಬಹುದು. ಮಾಸ್ತರರ ಮೊಮ್ಮಗಳ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ, ಅವರ ಮನೆಯ ಟ್ರಂಕಿನಲ್ಲಿ ಕಾಗದದ ಒಂದು ಪ್ರತಿ. ತಯಾರಾದ ಪುಟಗಳು ಸಾದಾ ಇರುವುದರಿಂದ ಇಂಟರ್ನೆಟ್ ಆರ್ಕೈವಿನ ಯಂತ್ರವೂ ಬಂದಾಗ ಪೂರ್ತಿ ಎತ್ತಿಕೊಂಡು ಹೋಗುತ್ತದೆ. ಪ್ರತಿಕ್ರಿಯೆಯ ಜಾಗ ಇಟ್ಟಿಲ್ಲ; ಹೇಳಬೇಕಾದವರು ಮಾಸ್ತರರಿಗೆ ಫೋನ್ ಹಚ್ಚುತ್ತಾರೆ, ಒಮ್ಮೊಮ್ಮೆ ಮನೆಗೇ ಬರುತ್ತಾರೆ.

ವಿಳಾಸದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಜಾಲವನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ, ಒಳ್ಳೆಯ ವಿಳಾಸ ಬದಲಾಗಬಾರದು ಅಂತ ಒಂದು ಟಿಪ್ಪಣಿ ಬರೆದ. ಕನ್ನಡದಲ್ಲಿ ಬ್ಲಾಗಿನಿಂದ ಬಂದ ಪುಸ್ತಕಗಳು ಸಾಕಷ್ಟಿವೆ, ಕೆಲವುಗಳಲ್ಲಿ ಲೇಖನದ ಕೊನೆಗೆ ಮೂಲದ ವಿಳಾಸ ಅಚ್ಚಾಗಿರುತ್ತದೆ. ಅಚ್ಚಾದದ್ದನ್ನು ತಿದ್ದಲು ಬರುವುದಿಲ್ಲ. ಹೀಗಾಗಿ ‘ಬುತ್ತಿ’ಯಲ್ಲಿ ಒಂದು ಸಲ ಕೊಟ್ಟ ವಿಳಾಸವನ್ನು ತಂತ್ರಾಂಶ ತಾನಾಗಿ ಬದಲಾಯಿಸುವಂತಿಲ್ಲ, ಶೀರ್ಷಿಕೆ ಬದಲಾದರೂ ವಿಳಾಸ ಫೈಲಿನಲ್ಲಿ ಬರೆದದ್ದೇ. ವಿಳಾಸ ಕನ್ನಡದಲ್ಲೇ ಇರಬೇಕೋ, ಇಂಗ್ಲಿಷ್ ಲಿಪಿಯಲ್ಲೋ ಅಂತ ಮಾಸ್ತರರನ್ನು ಕೇಳಿದ್ದೆ. “ನಾ ಬರದದ್ದು ಕನ್ನಡ. ಮನಿ ಬಾಗಲದ ಮ್ಯಾಲೆ ಇಂಗ್ಲಿಷ್ ಬೋರ್ಡ್ ಯಾಕ?” ಅಂದರು. ಸರಿ, ಕನ್ನಡ. ವಾಟ್ಸಾಪಿನಲ್ಲಿ ಹಂಚಿದರೆ ಕೆಲವೊಮ್ಮೆ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಹಾವಾಗಿ ಕಾಣುತ್ತದೆ, ಅದಕ್ಕೇ ಪ್ರತಿ ಬರಹಕ್ಕೂ ಒಂದು ಅಂಕಿಯ ಸಣ್ಣ ವಿಳಾಸವೂ ಇದೆ. ಹಾಜರಿ ನಂಬರು ಇದ್ದರೂ ಅಡ್ಡಿಯಿಲ್ಲ, ಹೆಸರೂ ಇರಬೇಕು.

ಇನ್ನೂ ಬಗೆಹರಿಯದ ಕೆಲಸ ಅಂದರೆ ಹುಡುಕಾಟ. ‘ಧಾರವಾಡ’ ಅಂತ ಹುಡುಕಿದರೆ ಧಾರವಾಡದಲ್ಲಿ, ಧಾರವಾಡಕ್ಕ, ಧಾರವಾಡದಾಗ ಎಲ್ಲವೂ ಸಿಗುತ್ತವೆ, ಮೂಲ ಪದ ಮುಂದೆ ಹಾಗೇ ಕೂತಿರುತ್ತದೆ. ‘ಹುಬ್ಬಳ್ಳಿ’ ಅಂತ ಹುಡುಕಿದರೆ ‘ಹುಬ್ಬಳ್ಯಾಗ’ ಸಿಗುವುದಿಲ್ಲ. ‘ಊರು’ ಹುಡುಕಿದರೆ ‘ಊರಾಗ’ ಸಿಗುವುದಿಲ್ಲ, ‘ಊರಲ್ಲಿ’ಯೂ ಸಿಗುವುದಿಲ್ಲ, ಉಕಾರ ಅಲ್ಲಿ ಬಿದ್ದುಹೋಗಿರುತ್ತದೆ. ‘ಸಾಫ್ಟ್‌ವೇರ್’ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿ ಬರೆದದ್ದು ಬೇರೆ, ಹಾಕದೆ ಬರೆದದ್ದು ಬೇರೆ. ‘ಕೊ’ ಅನ್ನುವುದನ್ನು ಕೂಡ ಎರಡು ಬಗೆಯಲ್ಲಿ ಬರೆದಿಡಬಹುದು, ನೋಡಲು ಒಂದೇ. ಕೊನೆಯ ಎರಡನ್ನು ಬರಹ ಒಳಗೆ ಬರುವಾಗಲೇ ಒಂದು ರೂಪಕ್ಕೆ ತಂದುಕೊಂಡಿದ್ದೇನೆ. ವಿಭಕ್ತಿಗೆ ಅಷ್ಟು ಸುಲಭದ ದಾರಿ ಇಲ್ಲ. ಗ್ರಂಥಭಾಷೆಗಾದರೆ ಪ್ರತ್ಯಯಗಳ ಪಟ್ಟಿ ಮಾಡಿ ಕೊಯ್ದು ನೋಡಬಹುದು. ಮಾಸ್ತರರು ಬರೆಯುವುದು ನಮ್ಮೂರ ಮಾತಿನಲ್ಲಿ. ಅವರ ಬರಹದಲ್ಲಿ ಹೊಲ ಹೊಲದಾಗ, ಹೊಲಕ್ಕ, ಹೊಲ್ದಿಂದ, ಹೊಲಾ ಅಂತ ಬರುತ್ತದೆ; ಕೂರಿಗಿ ಕೂರಗಿ ಆಗುತ್ತದೆ, ಕೂರಿಗ್ಯಾಗ ಆಗುತ್ತದೆ.

ಅದಕ್ಕೆ ‘ರೂಪಗಳು’ ಅಂತ ಒಂದು ಫೈಲು ಇಟ್ಟಿದ್ದೇನೆ. ಒಂದು ಸಾಲಿಗೆ ಒಂದು ಪದ, ಅದರ ಮುಂದೆ ಅದು ನಮ್ಮ ಕಡೆ ಯಾವ ಯಾವ ವೇಷದಲ್ಲಿ ತಿರುಗುತ್ತದೋ ಅಷ್ಟೂ. ಇಲ್ಲಿಯವರೆಗೆ 340 ಸಾಲು. ಕೋಡಿನ ಲೆಕ್ಕದಲ್ಲಿ ಇದು ತೀರಾ ಒಡ್ಡ ವಿಧಾನ, ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನೇ ವಾಪಸ್ ಕಳಿಸುತ್ತೇನೆ. ಆದರೆ ಕಳೆದ ತಿಂಗಳು ಪ್ರಿಂಟ್ ತೆಗೆದು ಮಾಸ್ತರರಿಗೆ ಕೊಟ್ಟಿದ್ದೆ. ಅವರು ಕೆಂಪು ಪೆನ್ನು ಹಿಡಿದು ಕೂತಿದ್ದಾರೆ. ಮೊನ್ನೆ ಎರಡು ಹಾಳೆಯ ಫೋಟೋ ಕಳಿಸಿದರು: ‘ಬೆದಿ’ ಅನ್ನುವ ಪದಕ್ಕೆ ಏಳು ರೂಪ, ‘ಹಂತಿ’ಗೆ ಐದು, ಅಂಚಿನಲ್ಲಿ ಸಣ್ಣಗೆ, ಈ ಮಾತು ಈಗ ನಮ್ಮೂರಾಗ ಮೂರೇ ಮಂದಿ ಆಡ್ತಾರ ಅಂತ ಬರೆದಿದ್ದಾರೆ. ಆ ಟಿಪ್ಪಣಿಯನ್ನು ಎಲ್ಲಿ ಇಡಬೇಕು ಅನ್ನುವುದಕ್ಕೆ ಫೈಲಿನಲ್ಲಿ ಇನ್ನೂ ಜಾಗ ಮಾಡಿಲ್ಲ. ಈ ಭಾನುವಾರ ಮಾಡಬೇಕು.